ನಾಪೋಕ್ಲುವಿನ ಒಂದು ದೀರ್ಘಕ್ಕೆ 22 ನಿಮಿಷ

ನಮ್ಮ ಸಾಫ್ಟ್‌ವೇರ್ ಕೊಡುವ ಬಿಲ್ಲಿನಲ್ಲಿ ‘ನಾಪೊಕ್ಲು’ ಎಂದು ಅಚ್ಚಾಗುತ್ತಿತ್ತು. ಆ ಊರಿನವರೇ ಆದ ಗ್ರಾಹಕರೊಬ್ಬರು ಫೋನ್ ಮಾಡಿದರು. “ಏನಪ್ಪಾ, ನಮ್ಮೂರನ್ನ ಗಿಡ್ಡ ಮಾಡಿಬಿಟ್ಟಿದ್ದೀರಲ್ಲ!” ಎಂದು ನಕ್ಕರು. ಒಂದು ದೀರ್ಘ ಹಾಕಬೇಕು, ಅಷ್ಟೆ. ಹಾಕಿದೆ, ಬಿಲ್ಡ್ (ಬರೆದ ಕೋಡನ್ನು ಓಡುವ ಪ್ರೋಗ್ರಾಮ್ ಆಗಿ ಕಟ್ಟುವ ಕೆಲಸ) ಶುರು ಮಾಡಿದೆ. 214 ಫೈಲುಗಳೂ ಮೊದಲಿನಿಂದ ಕಂಪೈಲ್ ಆಗತೊಡಗಿದವು, ಅಂದರೆ ಯಂತ್ರದ ಭಾಷೆಗೆ ತಿರುಗತೊಡಗಿದವು. ಹೊರಗೆ ಜುಲೈ ಮಳೆ. ಎಲ್ಲೋ ಲೈನಿನ ಮೇಲೆ ಮರ ಬಿದ್ದಿರಬೇಕು, ಕರೆಂಟು ಹೋಯಿತು. ಯುಪಿಎಸ್ 15 ನಿಮಿಷ ಕೂಗಿ ಕೂಗಿ ಸುಮ್ಮನಾಯಿತು. ನಮ್ಮ ಪೂರ್ತಿ ಬಿಲ್ಡ್‌ಗೆ ಬೇಕಾದದ್ದು 22 ನಿಮಿಷ.

ನಾವು ವಿರಾಜಪೇಟೆಯ ಒಂದು ಕಟ್ಟಡದ ಮಹಡಿಯಲ್ಲಿ ಕೂತು ಕೆಲಸ ಮಾಡುವ ಮೂವರು. ಕಾಫಿ ಖರೀದಿಸುವ ವ್ಯಾಪಾರಿಗಳಿಗೆ ತೂಕ ಮತ್ತು ಬಿಲ್ಲಿನ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ತಕ್ಕಡಿಯಿಂದ ತೂಕ ಓದಬೇಕು, ತೇವಾಂಶ ಅಳೆಯುವ ಮೀಟರಿನಿಂದ ಅಂಕಿ ತೆಗೆದುಕೊಳ್ಳಬೇಕು, ಚೀಲದ ಲೆಕ್ಕ ಹಾಕಿ ಬಿಲ್ಲು ಅಚ್ಚು ಮಾಡಬೇಕು. ಬರೆದಿರುವುದು ಸಿ ಪ್ಲಸ್ ಪ್ಲಸ್‌ನಲ್ಲಿ, ಕಟ್ಟುವುದು ಏನನ್ನು ಕಂಪೈಲ್ ಮಾಡಬೇಕೆಂದು ತೀರ್ಮಾನಿಸುವ ಉಪಕರಣವಾದ ಗ್ನೂ ಮೇಕ್‌ನಲ್ಲಿ. ನವೆಂಬರ್ ಹೊತ್ತಿಗೆ ಹಣ್ಣು ಕೊಯ್ಯಲು ಶುರುವಾದರೆ ನಮ್ಮ ಪ್ರೋಗ್ರಾಮಿಗೆ ಕೈ ಹಾಕುವ ಧೈರ್ಯ ಯಾರಿಗೂ ಇಲ್ಲ. ಹಾಗಾಗಿ ಹೊಸ ಕೆಲಸವೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅಂದರೆ ಕೊಡಗಿನಲ್ಲಿ ಕರೆಂಟು ಅತಿ ಜಾಸ್ತಿ ಹೋಗುವ ನಾಲ್ಕು ತಿಂಗಳು.

ಮೊದಮೊದಲು ನಾವು ಇದನ್ನು ಕರೆಂಟಿನ ಸಮಸ್ಯೆ ಎಂದೇ ತಿಳಿದಿದ್ದೆವು. ದೊಡ್ಡ ಯುಪಿಎಸ್ ತರೋಣ, ಹೊಸ ಕಂಪ್ಯೂಟರ್ ತರೋಣ ಎಂಬ ಮಾತು ನಡೆದಿತ್ತು. ಒಂದು ವಿಷಯ ಮಾತ್ರ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಕರೆಂಟು ಬಂದ ಮೇಲೆ ಮೇಕ್ ಓಡಿಸಿದರೆ ಅದು ನಿಂತಲ್ಲಿಂದ ಮುಂದುವರಿಯಬೇಕು. 15 ನಿಮಿಷದಲ್ಲಿ ನೂರಕ್ಕೂ ಹೆಚ್ಚು ಫೈಲು ಮುಗಿದಿರುತ್ತವೆ, ಉಳಿದಷ್ಟನ್ನು ಮಾಡಿದರೆ ಸಾಕು. ಆದರೆ ನಮ್ಮದು ಪ್ರತಿ ಸಲ ಒಂದನೇ ಫೈಲಿನಿಂದ ಶುರುವಾಗುತ್ತಿತ್ತು. ಮತ್ತೆ ಮತ್ತೆ ಕರೆಂಟು ಹೋಗುವ ದಿನ ಬಿಲ್ಡ್ ಮುಗಿಯುವ ಪ್ರಶ್ನೆಯೇ ಇರಲಿಲ್ಲ.

ಜೊತೆಗೆ ನಮ್ಮದೇ ಒಂದು ಕೆಟ್ಟ ಅಭ್ಯಾಸವೂ ಸೇರಿಕೊಂಡಿತ್ತು. ಕರೆಂಟು ಫಟ್ಟಂತ ಹೋದಾಗ ಆಗ ತಾನೆ ಬರೆಯುತ್ತಿದ್ದ ಒಂದೆರಡು ಆಬ್ಜೆಕ್ಟ್ ಫೈಲುಗಳು (ಒಂದೊಂದು ಫೈಲು ಕಂಪೈಲ್ ಆಗಿ ಬರುವ ತುಂಡುಗಳು) ಖಾಲಿಯಾಗಿಯೋ ಅರ್ಧಂಬರ್ಧವಾಗಿಯೋ ಉಳಿಯುತ್ತವೆ. ಅವುಗಳ ಮೇಲಿನ ಸಮಯ ಹೊಸದೇ. ಹಾಗಾಗಿ ಮೇಕ್ ಅವನ್ನು ಮುಗಿದ ಕೆಲಸ ಎಂದು ನಂಬುತ್ತದೆ. ಕೊನೆಗೆ ಎಲ್ಲವನ್ನೂ ಜೋಡಿಸಿ ಲಿಂಕ್ ಮಾಡುವಾಗ ‘ಫೈಲು ತುಂಡಾಗಿದೆ’ ಎಂಬ ತಕರಾರು ಬರುತ್ತದೆ. ಒಂದೆರಡು ಸಲ ಇದರ ಪೆಟ್ಟು ತಿಂದ ಮೇಲೆ ಕರೆಂಟು ಬಂದ ಕೂಡಲೇ ‘ಮೇಕ್ ಕ್ಲೀನ್’ ಹೊಡೆದು ಎಲ್ಲ ಆಬ್ಜೆಕ್ಟ್‌ಗಳನ್ನೂ ಅಳಿಸುವುದು ನಮಗೆ ರೂಢಿಯಾಗಿಬಿಟ್ಟಿತ್ತು. ಅಂಗಳದಲ್ಲಿ ಒಂದು ಮೂಲೆ ನೆನೆಯಿತು ಅಂತ ಇಡೀ ಕಣದ ಕಾಫಿಯನ್ನು ಮತ್ತೆ ಒಣಗಿಸಿದ ಹಾಗೆ. ಸೊನ್ನೆ ಗಾತ್ರದ ಆಬ್ಜೆಕ್ಟ್ ಫೈಲುಗಳನ್ನೂ ಕೊನೆಯ ಒಂದು ನಿಮಿಷದಲ್ಲಿ ಬರೆದವನ್ನೂ ಮಾತ್ರ ಹುಡುಕಿ ಅಳಿಸುವ ಎರಡು ಸಾಲಿನ ಸ್ಕ್ರಿಪ್ಟ್ ಸಾಕಿತ್ತು. ಅದು ಹೊಳೆಯಲು ನಮಗೆ ಎರಡು ಮಳೆಗಾಲ ಬೇಕಾಯಿತು.

ಮೇಕ್‌ಗೇ ಕೇಳಿದೆವು

ಮೇಕ್ ನೋಡುವುದು ಒಂದೇ ವಿಷಯ. ಮಾಡಬೇಕಾದ ಫೈಲಿಗಿಂತ ಅದಕ್ಕೆ ಬೇಕಾದ ಯಾವುದಾದರೂ ಫೈಲು ಹೊಸದಾಗಿದೆಯಾ? ಹೌದಾದರೆ ಮತ್ತೆ ಮಾಡು. ಇಲ್ಲವಾದರೆ ಬಿಡು. ಒಳಗೆ ಏನಿದೆ ಎಂದು ಅದು ಬಿಚ್ಚಿ ನೋಡುವುದಿಲ್ಲ. ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಇದನ್ನು ಬರೆದಾಗಿನ ಯಂತ್ರಗಳಿಗೆ ಫೈಲಿನ ಸಮಯ ನೋಡುವುದು ಸುಲಭವಿತ್ತು, ಪ್ರತಿ ಫೈಲನ್ನೂ ಓದಿ ಹೋಲಿಸುವುದು ದುಬಾರಿಯಾಗಿತ್ತು. ಕಾಫಿಯವರಿಗೆ ಇದನ್ನು ಬೇರೆ ರೀತಿ ಹೇಳಬಹುದು. ಚೀಲಕ್ಕೆ ಕಟ್ಟಿದ ಚೀಟಿಯ ತಾರೀಖು ನೋಡಿ ಒಣಗಿದೆಯೋ ಇಲ್ಲವೋ ತೀರ್ಮಾನಿಸುವುದು ಮೇಕ್‌ನ ರೀತಿ. ಹಿಡಿ ಚೆರ್ರಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ ಗಲಗಲ ಸದ್ದು ಕೇಳುವುದು ಇನ್ನೊಂದು ರೀತಿ. ಚೀಟಿ ಸರಿಯಾಗಿದ್ದರೆ ಮೊದಲನೆಯದರಲ್ಲಿ ತಪ್ಪೇನಿಲ್ಲ. ನಾವು ಚೀಟಿಯನ್ನೇ ಪ್ರತಿ ಸಲ ಬದಲಿಸುತ್ತಿದ್ದೆವು.

ಅದು ಗೊತ್ತಾದದ್ದು ‘ಟ್ರೇಸ್’ ಆಯ್ಕೆಯಿಂದ. 2013ರಲ್ಲಿ ಬಂದ ಗ್ನೂ ಮೇಕ್ 4.0ರಿಂದ ಇದು ಇದೆ. ಯಾವ ಫೈಲನ್ನು ಯಾವುದರ ಕಾರಣಕ್ಕೆ ಮತ್ತೆ ಮಾಡುತ್ತಿದ್ದೇನೆ ಎಂದು ಮೇಕ್ ಸಾಲು ಸಾಲಾಗಿ ಹೇಳುತ್ತದೆ. ನಮ್ಮಲ್ಲಿ 214 ಸಾಲಿನ ಕೊನೆಯಲ್ಲೂ ಒಂದೇ ಹೆಸರು ಬಂತು: ವರ್ಷನ್ ಹೆಡರ್. ಹೆಡರ್ ಅಂದರೆ ಹಲವು ಫೈಲುಗಳು ತಮ್ಮೊಳಗೆ ಸೇರಿಸಿಕೊಳ್ಳುವ ಹಂಚಿಕೆಯ ಫೈಲು.

ಅದನ್ನು ಬರೆದವನು ನಾನೇ. ಯಾರ ಅಂಗಡಿಯಲ್ಲಿ ಯಾವ ಆವೃತ್ತಿ ಓಡುತ್ತಿದೆ ಎಂದು ತಿಳಿಯಲು ಪ್ರತಿ ಬಿಲ್ಡ್‌ನ ಶುರುವಿಗೆ ಕೋಡಿನ ಬದಲಾವಣೆಗಳ ಇತಿಹಾಸ ಕಾಯುವ ಗಿಟ್‌ನ ಗುರುತು, ದಿನಾಂಕ, ಗಂಟೆ-ನಿಮಿಷ ಎಲ್ಲವನ್ನೂ ಒಂದು ಹೆಡರ್‌ಗೆ ಬರೆಸುತ್ತಿದ್ದೆ. ಆ ಹೆಡರ್ ‘ಕಾಮನ್’ ಎಂಬ ಇನ್ನೊಂದು ಹೆಡರ್‌ನೊಳಗೆ ಕೂತಿತ್ತು. ಕಾಮನ್ ಎಲ್ಲ ಫೈಲುಗಳಲ್ಲೂ ಇತ್ತು. ಮೇಕ್ ಓಡಿಸಿದ ಕ್ಷಣವೇ ಎಲ್ಲವೂ ಹಳೆಯದಾಗುತ್ತಿತ್ತು. ಕರೆಂಟು ಬಂದ ಮೇಲೆ ಒಂದರಿಂದ ಶುರುವಾಗುತ್ತಿದ್ದದ್ದೂ ಇದರಿಂದಲೇ.

ಇದಕ್ಕೆ ಎರಡು ಮದ್ದು ಮಾಡಿದೆವು. ಒಂದು, ಹೆಡರನ್ನು ನೇರವಾಗಿ ಬರೆಯದೆ ತಾತ್ಕಾಲಿಕ ಫೈಲಿಗೆ ಬರೆದು, ಹಳೆಯದರೊಂದಿಗೆ ಹೋಲಿಸಿ, ಬೇರೆಯಾಗಿದ್ದರೆ ಮಾತ್ರ ಅದರ ಜಾಗಕ್ಕೆ ಸರಿಸುವುದು. ಒಂದೇ ಆಗಿದ್ದರೆ ಹಳೆಯ ಫೈಲಿನ ಸಮಯ ಹಾಗೇ ಉಳಿಯುತ್ತದೆ. ಮೇಕ್ ಆ ಕೆಲಸ ಮುಗಿದ ಮೇಲೆ ಸಮಯವನ್ನು ಮತ್ತೆ ನೋಡಿ, ಬದಲಾಗಿಲ್ಲ ಎಂದು ಕಂಡು, ಮುಂದಿನದನ್ನು ಮುಟ್ಟುವುದಿಲ್ಲ. ಹಳೇ ಉಪಾಯವೇ ಇದು. ಲಿನಕ್ಸ್ ಕರ್ನಲ್ ಮತ್ತು ಜಿಸಿಸಿ ಎಂಬ ಕಂಪೈಲರ್ ಎರಡರ ಬಿಲ್ಡ್‌ನಲ್ಲೂ ಇದೆ. ಎರಡು, ಗಂಟೆ-ನಿಮಿಷವನ್ನು ತೆಗೆದುಹಾಕಿ, ಗಿಟ್ ಗುರುತನ್ನು ಒಂದೇ ಒಂದು ಸಿ ಪ್ಲಸ್ ಪ್ಲಸ್ ಫೈಲಿಗೆ ಸೀಮಿತ ಮಾಡಿದ್ದು. ಉಳಿದವರಿಗೆ ಬೇಕಿದ್ದರೆ ಒಂದು ಫಂಕ್ಷನ್ ಕರೆದು ಕೇಳಲಿ. ಈಗ ಹೊಸ ಕಮಿಟ್ ಮಾಡಿದರೆ, ಅಂದರೆ ಒಂದು ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸಿದರೆ, ಒಂದು ಫೈಲು ಕಂಪೈಲ್ ಆಗುತ್ತದೆ, ಒಮ್ಮೆ ಲಿಂಕ್ ಆಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಈ ಬದಲಾವಣೆಯಾದ ಮೇಲೆ ಪರೀಕ್ಷೆಗೆಂದು ‘ಸುಮ್ನೆ ಏನು ಮಾಡ್ತೀಯ ಹೇಳು, ಮಾಡಬೇಡ’ ಎನ್ನುವ ಆಯ್ಕೆಯಲ್ಲಿ ಮೇಕ್ ಓಡಿಸಿದರೆ ಅದು 214 ಫೈಲನ್ನೂ ಮಾಡುತ್ತೇನೆ ಎಂದೇ ಹೇಳುತ್ತದೆ. ಹೆಡರ್ ಬರೆಯುವ ಆಜ್ಞೆಯನ್ನು ಅದು ನಿಜವಾಗಿ ಓಡಿಸಿಲ್ಲ, ಹಾಗಾಗಿ ಬದಲಾಗಿರುತ್ತದೆ ಎಂದು ಊಹಿಸಿಕೊಳ್ಳುತ್ತದೆ. ನಾನು ಅರ್ಧ ದಿನ ಇದನ್ನು ನಂಬಿ ತಲೆ ಕೆಡಿಸಿಕೊಂಡೆ.

ಇಷ್ಟಾದರೂ ಕೆಲವು ಸಲ ಎಲ್ಲವೂ ಮತ್ತೆ ಕಂಪೈಲ್ ಆಗುತ್ತಿದ್ದವು. ಈ ಸಲ ಟ್ರೇಸ್ ತೋರಿಸಿದ್ದು ಆಬ್ಜೆಕ್ಟ್ ಫೈಲುಗಳನ್ನು ಇಡುವ ಫೋಲ್ಡರನ್ನು. ‘ಫೋಲ್ಡರ್ ಇರಬೇಕು’ ಎಂದು ಹೇಳಲು ಅದನ್ನು ಬೇಕಾದ ಫೈಲುಗಳ ಪಟ್ಟಿಗೆ ಸೇರಿಸಿದ್ದೆವು. ಫೋಲ್ಡರಿಗೂ ಒಂದು ಸಮಯವಿದೆ. ಒಳಗೆ ಫೈಲು ಬಂದರೆ, ಹೋದರೆ ಅದು ಬದಲಾಗುತ್ತದೆ. ಒಂದು ಹೊಸ ಆಬ್ಜೆಕ್ಟ್ ಬಂದು ಕೂತರೆ ಫೋಲ್ಡರ್ ಹೊಸದು, ಉಳಿದ 213 ಹಳೆಯವು. ಪಟ್ಟಿಯಲ್ಲಿ ಒಂದು ನಿಲುಗೆರೆ ಹಾಕಿ ಅದರ ಬಲಕ್ಕೆ ಫೋಲ್ಡರಿನ ಹೆಸರು ಬರೆದರೆ ಸಾಕು. ಇದ್ದರಾಯಿತು, ಅದರ ಸಮಯ ನೋಡಬೇಡ ಎಂದು ಮೇಕ್‌ಗೆ ಅರ್ಥವಾಗುತ್ತದೆ. ಒಂದು ಗೆರೆಯ ರಿಪೇರಿ.

0.8 ತೇವಾಂಶದ ಬಿಲ್ಲು

ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನಿಸುವ ಭಾಗ ಇದು. ನಡೆದದ್ದು ಮೇಲಿನ ರಿಪೇರಿಗಳ ನಡುವೆ.

ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಇದ್ದ. ಕುಶಾಲನಗರದ ಕಡೆಯವನು, ಚುರುಕು. ಕಾಮನ್ ಹೆಡರ್ ಮುಟ್ಟಿದರೆ ಎಲ್ಲವೂ ಕಂಪೈಲ್ ಆಗುವುದನ್ನು ನೋಡಿ ಅವನಿಗೆ ರೇಗಿ ಹೋಗಿತ್ತು. ಆಗ ಮೇಕ್‌ಗೆ ನಿಯಮ ಹೇಳುವ ನಮ್ಮ ಮೇಕ್‌ಫೈಲಿನಲ್ಲಿ ಯಾವ ಫೈಲಿಗೆ ಯಾವ ಹೆಡರ್ ಬೇಕು ಎಂಬುದನ್ನು ಕೈಯಲ್ಲೇ ಬರೆಯುತ್ತಿದ್ದೆವು. ಅವನು ಆ ಪಟ್ಟಿಯಿಂದ ಕಾಮನ್ ಹೆಡರಿನ ಹೆಸರನ್ನೇ ಕಿತ್ತುಹಾಕಿದ. ಬಂದು ಹೇಳಿದ: “ಅಣ್ಣ, ಈಗ ನೋಡಿ. ನಲವತ್ತು ಸೆಕೆಂಡ್.”

ನಾನು ಯಾಕೆ ಎಂದು ಕೇಳಲಿಲ್ಲ. ಖುಷಿಯಲ್ಲಿ ಎಲ್ಲರಿಗೂ ಟೀ ತರಿಸಿದೆ.

ಮೂರು ದಿನದ ನಂತರ ಚೀಲದ ತೂಕವನ್ನು ಬೇರೆಯಾಗಿ ಹಿಡಿದಿಡುವ ಕೆಲಸ ಬಂತು. ಕಾಮನ್ ಹೆಡರ್‌ನಲ್ಲಿ ಒಂದು ‘ಸ್ಟ್ರಕ್ಟ್’ ಇತ್ತು, ಅಂದರೆ ಹಲವು ಅಂಕಿಗಳನ್ನು ಒಂದರ ಪಕ್ಕ ಒಂದು ಇಡುವ ಚೌಕಟ್ಟು. ಮೊದಲ 8 ಬೈಟು ಒಟ್ಟು ತೂಕ, ಮುಂದಿನ 8 ಬೈಟು ತೇವಾಂಶ, ಆಮೇಲೆ ಉಳಿದದ್ದು. ಹುಡುಗ ಒಟ್ಟು ತೂಕ ಮತ್ತು ತೇವಾಂಶದ ನಡುವೆ ಚೀಲದ ತೂಕ ಸೇರಿಸಿದ. ತಕ್ಕಡಿ ಓದುವ ಫೈಲು, ದಾಖಲೆ ಉಳಿಸುವ ಫೈಲು ಎರಡನ್ನೂ ತಿದ್ದಿದ. ಅವು ಕಂಪೈಲ್ ಆದವು. ಬಿಲ್ಲು ಅಚ್ಚು ಮಾಡುವ ಫೈಲನ್ನು ಯಾರೂ ತಿದ್ದಲಿಲ್ಲ. ಹೆಡರ್ ಬದಲಾದ ಸುದ್ದಿ ಮೇಕ್‌ಗೆ ಹೋಗುವ ದಾರಿಯನ್ನೇ ನಾವು ಮುಚ್ಚಿದ್ದರಿಂದ ಅದು ಹಳೆಯದಾಗಿಯೇ ಉಳಿಯಿತು. ಲಿಂಕ್ ಚೆನ್ನಾಗಿ ಆಯಿತು. ಒಂದು ಎಚ್ಚರಿಕೆಯೂ ಬರಲಿಲ್ಲ.

ಪರೀಕ್ಷೆಯ ಬಿಲ್ಲು ಹೊರಬಂತು. ತೇವಾಂಶ: 0.8.

ಅಂದು ಕಾಫಿ ವ್ಯಾಪಾರಿಯೊಬ್ಬರು ನಮ್ಮಲ್ಲೇ ಕೂತಿದ್ದರು. ಬಿಲ್ಲು ನೋಡಿ ಕೇಳಿದರು: “ಇದೇನ್ರೀ, ಇವರು ಕಾಫಿನ ಹುರಿದು ತಂದಿದ್ದಾರಾ?” ಒಣಗಿದ ಕಾಫಿಯಲ್ಲೂ ಹತ್ತು-ಹನ್ನೊಂದರ ಆಸುಪಾಸು ಇರುತ್ತದೆ ಎಂದು ಇಲ್ಲಿ ಮಕ್ಕಳಿಗೂ ಗೊತ್ತು. ಬಂದಿದ್ದದ್ದು ಗೋಣಿಚೀಲದ ತೂಕ, 0.8 ಕೆ.ಜಿ. ಅಚ್ಚಿನ ಫೈಲು ತನಗೆ ಗೊತ್ತಿದ್ದ ಹಳೇ ಜಾಗಕ್ಕೆ, ಎರಡನೇ 8 ಬೈಟಿಗೆ ಹೋಗಿ, ಅಲ್ಲಿದ್ದದ್ದನ್ನು ತೇವಾಂಶ ಎಂದು ಓದಿ ಹೇಳಿತ್ತು.

ಅದು ಅಸಂಬದ್ಧವಾಗಿದ್ದದ್ದೇ ನಮ್ಮ ಪುಣ್ಯ. ಅಲ್ಲಿ 10.8 ಬಂದಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ಸೀಸನ್ನಿನಲ್ಲಿ ಎಷ್ಟು ಬೆಳೆಗಾರರ ಲೆಕ್ಕ ತಪ್ಪುತ್ತಿತ್ತೋ! ಆ ಸಂಜೆ ಇಬ್ಬರೂ ಅಚ್ಚಿನ ಫೈಲನ್ನು ಸಾಲು ಸಾಲಾಗಿ ಓದಿದೆವು. ಎಲ್ಲಿಯೂ ತಪ್ಪಿರಲಿಲ್ಲ. ತಪ್ಪೇ ಇಲ್ಲದ ಕೋಡ್‌ನಲ್ಲಿ ತಪ್ಪು ಹುಡುಕುತ್ತಾ ರಾತ್ರಿ ಒಂಬತ್ತಾಯಿತು.

ಆಮೇಲೆ ಗೊತ್ತಾಯಿತು, ಮೇಕ್ ಹುಟ್ಟಿದ್ದೇ ಇಂಥ ಒಂದು ಗೋಳಿನಿಂದ. ‘ಯಾಕ್’ (yacc) ಎಂಬ ಉಪಕರಣ ಬರೆದ ಸ್ಟೀವ್ ಜಾನ್ಸನ್ ಒಂದು ಬೆಳಗ್ಗೆ ಸರಿಯಿದ್ದ ಪ್ರೋಗ್ರಾಮನ್ನೇ ಡೀಬಗ್ ಮಾಡುತ್ತಾ ಸಮಯ ಹಾಳು ಮಾಡಿಕೊಂಡಿದ್ದರಂತೆ. ತಪ್ಪನ್ನು ತಿದ್ದಿ ಆಗಿತ್ತು, ಆ ಫೈಲು ಮತ್ತೆ ಕಂಪೈಲ್ ಆಗಿರಲಿಲ್ಲ, ಅಷ್ಟೆ. ಅವರು ಬೈದುಕೊಳ್ಳುತ್ತಾ ಫೆಲ್ಡ್‌ಮನ್ ಕೋಣೆಗೆ ಬಂದರು. ಫೆಲ್ಡ್‌ಮನ್‌ಗೆ ಅದಕ್ಕೂ ಹಿಂದಿನ ಸಂಜೆ ಅದೇ ಅನುಭವವಾಗಿತ್ತು. ಬೇಕಾದದ್ದು ಕಂಪೈಲ್ ಆಗದೆ ಉಳಿಯಬಾರದು ಎಂಬುದೇ ಮೇಕ್‌ನ ಮೊದಲ ಕೆಲಸ. ಬೇಡದ್ದನ್ನು ಬಿಡುವುದು ಅದರ ನಂತರ. ನಾವು ಎರಡನೆಯದಕ್ಕೆ ಆಸೆಪಟ್ಟು ಮೊದಲನೆಯದನ್ನು ಮುರಿದಿದ್ದೆವು. ಈ ಉಪಕರಣಕ್ಕಾಗಿ ಫೆಲ್ಡ್‌ಮನ್ ಅವರಿಗೆ 2003ರಲ್ಲಿ ಕಂಪ್ಯೂಟರ್ ತಜ್ಞರ ಸಂಘವಾದ ಎಸಿಎಮ್‌ನ ಸಾಫ್ಟ್‌ವೇರ್ ಸಿಸ್ಟಂ ಪ್ರಶಸ್ತಿ ಬಂತು.

ಹುಡುಗನಿಗೆ ಬೈಯಲಿಲ್ಲ. ಪಟ್ಟಿಯನ್ನು ಕೈಯಲ್ಲಿ ಬರೆಯುವ ಪದ್ಧತಿ ಇಟ್ಟಿದ್ದವನು ನಾನು. ಯಾವ ಹೆಡರ್ ಯಾವುದನ್ನು ಒಳಗೆ ಎಳೆದುಕೊಳ್ಳುತ್ತದೆ ಎಂದು ಕಂಪೈಲರ್‌ಗೆ ಚೆನ್ನಾಗಿ ಗೊತ್ತಿರುತ್ತದೆ. ಅದಕ್ಕೇ ಬರೆಯಲು ಹೇಳಿದರಾಯಿತು. ಜಿಸಿಸಿಗೆ ‘ಎಮ್‌ಎಮ್‌ಡಿ’ ಎಂಬ ಆಯ್ಕೆ ಕೊಟ್ಟರೆ ಪ್ರತಿ ಫೈಲು ಕಂಪೈಲ್ ಮಾಡುವಾಗಲೇ ಅದು ಬಳಸಿದ ಹೆಡರ್‌ಗಳ ಪಟ್ಟಿಯನ್ನು ಪಕ್ಕದಲ್ಲಿ ಒಂದು ಸಣ್ಣ ಫೈಲಿಗೆ ಬರೆದಿಡುತ್ತದೆ. ಮುಂದಿನ ಸಲ ಮೇಕ್ ಅದನ್ನು ಓದಿಕೊಳ್ಳುತ್ತದೆ. ಮೊದಲ ಸಲ ಪಟ್ಟಿ ಇರುವುದಿಲ್ಲ, ಆಬ್ಜೆಕ್ಟೂ ಇರುವುದಿಲ್ಲ. ಹೇಗೂ ಕಂಪೈಲ್ ಮಾಡಲೇಬೇಕು, ಅಲ್ವಾ? ಜೊತೆಗೆ ‘ಎಮ್‌ಪಿ’ ಕೊಡುವುದು ಒಳ್ಳೆಯದು. ಇಲ್ಲದಿದ್ದರೆ ಯಾವುದೋ ಹೆಡರನ್ನು ಅಳಿಸಿದ ದಿನ ‘ಅದು ಎಲ್ಲಿ ಹೋಯಿತು’ ಎಂದು ಮೇಕ್ ಹಠ ಹಿಡಿಯುತ್ತದೆ.

ಕಂಪೈಲರ್ ಆಯ್ಕೆಗಳದ್ದೂ ಇದೇ ಕಥೆ. ಮೇಕ್‌ಫೈಲಿನಲ್ಲಿ ಆಯ್ಕೆ ಬದಲಿಸಿದರೆ ಸೋರ್ಸ್ ಫೈಲುಗಳ ಸಮಯ ಬದಲಾಗುವುದಿಲ್ಲ, ಹಾಗಾಗಿ ಏನೂ ಕಂಪೈಲ್ ಆಗುವುದಿಲ್ಲ. ಆಯ್ಕೆಗಳನ್ನೂ ಒಂದು ಫೈಲಿಗೆ ‘ಬೇರೆಯಾಗಿದ್ದರೆ ಮಾತ್ರ’ ಬರೆಸಿ ಪಟ್ಟಿಗೆ ಸೇರಿಸಿದೆವು. ಮೇಕ್‌ನಂಥದೇ ನಿಂಜಾ ಎಂಬ ಉಪಕರಣ ಇದನ್ನು ತಾನೇ ನೆನಪಿಟ್ಟುಕೊಳ್ಳುತ್ತದೆ. ಅದಕ್ಕೆ ಬದಲಾಗೋಣವಾ ಎಂದು ಒಂದು ದಿನ ಚರ್ಚೆಯಾಯಿತು. ಮೂವರ ಅಂಗಡಿಗೆ ಅಷ್ಟು ಓಡಾಟ ಬೇಡ ಎಂದು ಬಿಟ್ಟೆವು.

ಕಾಮನ್ ಹೆಡರ್ ಒಡೆದದ್ದು

ಈಗ ಮೇಕ್ ಸತ್ಯ ಹೇಳುತ್ತಿತ್ತು. ಕಾಮನ್ ಮುಟ್ಟಿದರೆ 214 ಫೈಲು ಕಂಪೈಲ್ ಆಗುವುದು ಈಗ ನ್ಯಾಯವೇ ಆಗಿತ್ತು. ಹಾಗಾದರೆ ಎಲ್ಲರಿಗೂ ಕಾಮನ್ ಯಾಕೆ ಬೇಕು? ಬಿಚ್ಚಿ ನೋಡಿದೆವು. ಹಳೇ ಮನೆಯ ಅಟ್ಟ. ಸ್ಟ್ರಕ್ಟ್‌ಗಳು, ಪ್ರಿಂಟರ್‌ನ ಅಳತೆಗಳು, ಸೀರಿಯಲ್ ಪೋರ್ಟಿನ ವೇಗ, ಕೊನೆಗೆ ಊರುಗಳ ಪಟ್ಟಿ: ಅಮ್ಮತ್ತಿ, ಸಿದ್ದಾಪುರ, ಪಾಲಿಬೆಟ್ಟ, ಗೋಣಿಕೊಪ್ಪ, ಸುಂಟಿಕೊಪ್ಪ, ಶನಿವಾರಸಂತೆ, ಮೊದಲು ದೀರ್ಘವಿಲ್ಲದಿದ್ದ ನಾಪೋಕ್ಲು.

ಊರಿನ ಹೆಸರು ಕಂಪೈಲ್ ಆಗುವ ವಸ್ತುವೇ ಅಲ್ಲ. ಅದನ್ನು ಒಂದು ಸಾದಾ ಪಠ್ಯ ಫೈಲಿಗೆ ಹಾಕಿ, ಪ್ರೋಗ್ರಾಮ್ ಶುರುವಾಗುವಾಗ ಓದುವಂತೆ ಮಾಡಿದೆವು. ಉಳಿದದ್ದನ್ನು ಐದು ಹೆಡರ್‌ಗಳಾಗಿ ಒಡೆದೆವು. ಇದಕ್ಕೆ ಒಂದು ವಾರ ಹಿಡಿಯಿತು. ಬೇಜಾರಿನ ಕೆಲಸ, ಜಾಸ್ತಿ ಹೇಳುವುದೇನೂ ಇಲ್ಲ.

ಒಡೆಯಲು ಆಗದಿದ್ದರೆ ಇನ್ನೊಂದು ದಾರಿಯಿದೆ. ಲಿನಕ್ಸ್ ಕರ್ನಲ್‌ನವರದು. ಅವರ ಸಾವಿರಾರು ಆಯ್ಕೆಗಳೆಲ್ಲ ಒಂದೇ ಹೆಡರ್‌ನಲ್ಲಿ ಬಂದು ಕೂರುತ್ತವೆ, ಆ ಹೆಡರ್ ಎಲ್ಲ ಫೈಲಿಗೂ ಸೇರುತ್ತದೆ. ಸುಮ್ನೆ ಬಿಟ್ಟರೆ ಒಂದು ಆಯ್ಕೆ ಬದಲಿಸಿದಾಗ ಇಡೀ ಕರ್ನಲ್ ಕಂಪೈಲ್ ಆಗಬೇಕು. ಅದಕ್ಕೆ ‘ಫಿಕ್ಸ್‌ಡೆಪ್’ ಎಂಬ ಪುಟ್ಟ ಪ್ರೋಗ್ರಾಮ್ ಇಟ್ಟಿದ್ದಾರೆ. ಕಂಪೈಲರ್ ಕೊಟ್ಟ ಪಟ್ಟಿಯಿಂದ ಆ ದೊಡ್ಡ ಹೆಡರನ್ನು ತೆಗೆದು, ಆ ಫೈಲಿನಲ್ಲಿ ನಿಜಕ್ಕೂ ಹೆಸರು ಬಂದಿರುವ ಆಯ್ಕೆಗಳನ್ನು ಮಾತ್ರ ಅದು ಬರೆಯುತ್ತದೆ. ನಮ್ಮ ಹುಡುಗ ಮಾಡಿದ್ದೂ ಹೆಡರನ್ನು ಪಟ್ಟಿಯಿಂದ ತೆಗೆದ ಕೆಲಸವೇ. ಅವರು ಅದರ ಜಾಗಕ್ಕೆ ಏನನ್ನು ಇಡಬೇಕೆಂದು ಯೋಚಿಸಿದ್ದರು.

ಗಡಿಯಾರ

ಆಗಸ್ಟ್‌ನಲ್ಲಿ ಉಲ್ಟಾ ತೊಂದರೆ ಬಂತು. ಒಂದು ಕಂಪ್ಯೂಟರಿನಲ್ಲಿ ಏನು ತಿದ್ದಿದರೂ ಮೇಕ್ ‘ಮಾಡುವುದಕ್ಕೇನೂ ಇಲ್ಲ’ ಎನ್ನುತ್ತಿತ್ತು. 0.8ರ ಭೂತ ಮತ್ತೆ ಬಂತೆಂದು ಎದೆ ಧಸಕ್ಕೆಂದಿತು.

ಫೈಲುಗಳ ಸಮಯ ನೋಡಿದರೆ ಆಗ ತಾನೆ ತಿದ್ದಿದ ಫೈಲಿನ ಮೇಲೆ ಎಷ್ಟೋ ವರ್ಷ ಹಿಂದಿನ ಜನವರಿ 1 ಇತ್ತು. ಮದರ್‌ಬೋರ್ಡಿನ ನಾಣ್ಯದಂಥ ಸೆಲ್ ಸತ್ತಿತ್ತು. ಕರೆಂಟು ಪೂರ್ತಿ ಹೋಗಿ ಬಂದಾಗ ಗಡಿಯಾರ ಶುರುವಿಗೆ ಹೋಗುತ್ತಿತ್ತು. ಮಾಮೂಲಿಗೆ ಇಂಟರ್‌ನೆಟ್‌ನಿಂದ ಸರಿ ಸಮಯ ಬರುತ್ತಿದ್ದುದರಿಂದ ನಮಗೆ ಗೊತ್ತೇ ಆಗಿರಲಿಲ್ಲ. ಆ ವಾರ ಮಳೆಗೆ ಇಂಟರ್‌ನೆಟ್ಟೂ ಇರಲಿಲ್ಲ. ಹಿಂದೆ ಹೋದ ಗಡಿಯಾರದಲ್ಲಿ ತಿದ್ದಿದ್ದೆಲ್ಲ ಹಳೆಯದು. ಆಬ್ಜೆಕ್ಟ್‌ಗಳ ಸಮಯ ಮುಂದೆ ಇದೆ ಎಂದೂ ಬಿಲ್ಡ್ ಅಪೂರ್ಣವಿರಬಹುದು ಎಂದೂ ಮೇಕ್ ಎಚ್ಚರಿಸುತ್ತಲೇ ಇತ್ತು. ನಾವು ಆ ಸಾಲನ್ನು ಓದಿರಲಿಲ್ಲ. ವಾಚ್ ಅಂಗಡಿಯಿಂದ ಒಂದು ಸಿಆರ್2032 ಸೆಲ್ ತಂದು ಹಾಕಿದೆವು. ಈ ಇಡೀ ಪ್ರಕರಣದಲ್ಲಿ ನಾವು ದುಡ್ಡು ಕೊಟ್ಟು ಕೊಂಡದ್ದು ಅದೊಂದೇ.

ಉಳಿದದ್ದು ಗಿಟ್. ಗ್ರಾಹಕರ ತಕರಾರು ಬಂದಾಗ ಹಳೇ ಬ್ರಾಂಚಿಗೆ, ಅಂದರೆ ಕೋಡಿನ ಹಳೇ ಆವೃತ್ತಿಯ ಕವಲಿಗೆ, ಹೋಗಿ ವಾಪಸು ಬರುತ್ತಿದ್ದೆವು. ಹೋಗಿ ಬರುವಷ್ಟರಲ್ಲಿ ವ್ಯತ್ಯಾಸವಿದ್ದ ಫೈಲುಗಳನ್ನೆಲ್ಲ ಗಿಟ್ ಎರಡು ಸಲ ಬರೆದಿರುತ್ತದೆ. ಒಳಗಿನ ಅಕ್ಷರ ಅದೇ, ಸಮಯ ಮಾತ್ರ ಹೊಸದು. ಇದಕ್ಕೆ ಗಿಟ್ 2.5ರಲ್ಲಿ, 2015ರಲ್ಲಿ, ಬಂದ ‘ವರ್ಕ್‌ಟ್ರೀ’ ಬಳಸಿದೆವು. ಹಳೇ ಬ್ರಾಂಚಿಗೆ ಬೇರೆಯೇ ಫೋಲ್ಡರ್, ಅದಕ್ಕೆ ಅದರದೇ ಆಬ್ಜೆಕ್ಟ್‌ಗಳು. ಮೇಲಿಂದ ‘ಸಿಕ್ಯಾಶ್’ ಹಾಕಿದೆವು. ಆರ್‌ಸಿಂಕ್ ಮತ್ತು ಸಾಂಬಾ ಖ್ಯಾತಿಯ ಆಂಡ್ರ್ಯೂ ಟ್ರಿಡ್ಜೆಲ್ ಇದನ್ನು ಶುರು ಮಾಡಿದವರು. ಇದು ಸಮಯವನ್ನು ನಂಬುವುದಿಲ್ಲ, ಚೆರ್ರಿಯನ್ನು ಅಲ್ಲಾಡಿಸಿ ನೋಡುವ ಜಾತಿ. ಸೋರ್ಸ್, ಹೆಡರ್, ಕಂಪೈಲರ್, ಆಯ್ಕೆಗಳು ಎಲ್ಲವನ್ನೂ ಸೇರಿಸಿ ಒಂದು ಹ್ಯಾಶ್ (ಒಳಗಿರುವುದಕ್ಕೆ ತಕ್ಕ ಗುರುತಿನ ಸಂಖ್ಯೆ) ಲೆಕ್ಕ ಹಾಕುತ್ತದೆ. ಹಿಂದೆ ಅದೇ ಬಂದಿದ್ದರೆ ಕಂಪೈಲ್ ಮಾಡದೆ ಹಳೇ ಆಬ್ಜೆಕ್ಟನ್ನೇ ತೆಗೆದುಕೊಡುತ್ತದೆ.

ಸಿಕ್ಯಾಶನ್ನು ನಾನು ಬೇಕೆಂದೇ ಕೊನೆಗೆ ಹಾಕಿದೆ. ಮೊದಲೇ ಹಾಕಿದ್ದರೆ ಫೋಲ್ಡರಿನ ತಪ್ಪು ಅದರ ಕೆಳಗೆ ಅಡಗಿ ಕೂರುತ್ತಿತ್ತು. ವರ್ಷನ್ ಹೆಡರ್‌ನಲ್ಲಿ ಗಂಟೆ-ನಿಮಿಷ ಇದ್ದಾಗ ಹಾಕಿದ್ದರೆ ಪ್ರತಿ ಸಲವೂ ಹ್ಯಾಶ್ ಬೇರೆ ಬಂದು ಒಂದು ಪೈಸೆಯ ಉಪಯೋಗವೂ ಆಗುತ್ತಿರಲಿಲ್ಲ.

ಸೆಪ್ಟೆಂಬರ್ ಕೊನೆಗೆ ಅಳೆದಾಗ, ಒಂದು ಫೈಲು ತಿದ್ದಿದರೆ 12 ಸೆಕೆಂಡ್, ಅದರಲ್ಲಿ ಹೆಚ್ಚಿನದು ಲಿಂಕ್‌ಗೆ. ತೂಕದ ಸ್ಟ್ರಕ್ಟ್ ಮುಟ್ಟಿದರೆ 61 ಫೈಲು, 7 ನಿಮಿಷ. ಅದನ್ನು ಇನ್ನೂ ಇಳಿಸಲು ಹುಡುಗ ಕೇಳಿದ. ಬೇಡ ಎಂದೆ. ತೇವಾಂಶ ಮೀಟರಿನ ಜೊತೆ ಬಂದ ಲೈಬ್ರರಿಯೊಂದು ಮಾತ್ರ ತನ್ನ ಸ್ಕ್ರಿಪ್ಟಿನಿಂದ ಪ್ರತಿ ಸಲ ಪೂರ್ತಿ ಕಂಪೈಲ್ ಆಗುತ್ತದೆ. ಒಂಬತ್ತು ಫೈಲು, ಅರ್ಧ ನಿಮಿಷ; ಮೇಲಿನ ಲೆಕ್ಕದಲ್ಲಿ ಇದನ್ನು ಸೇರಿಸಿಲ್ಲ. ಆ ಸ್ಕ್ರಿಪ್ಟನ್ನು ಒಮ್ಮೆ ತೆರೆದು ನೋಡಿ ಹಾಗೇ ಮುಚ್ಚಿದ್ದೇನೆ. ಮುಂದಿನ ಮಳೆಗಾಲಕ್ಕೆ ನೋಡೋಣ.